ಒಣಗಿದ ಮೇಲೆ ಅಳೆಯಿರಿ

ನನ್ನ ತಲೆಯನ್ನು ಹೊತ್ತುಕೊಂಡು ತಿರುಗುವ ಕೆಲಸವಷ್ಟೇ ನನ್ನದು. ಅದರ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ಮೊದಲಿನಿಂದಲೂ ಊರಿನವರದು. ಬಸ್ಸಿನಲ್ಲಿ ಹಿಂದಿನ ಸೀಟಿನವರು ಹೇಳುತ್ತಾರೆ, ತರಕಾರಿ ಮಾರುವವಳು ಹೇಳುತ್ತಾಳೆ, ನನ್ನ ಹಲ್ಲು ನೋಡಬೇಕಾದ ಡಾಕ್ಟರು ಕೂಡ ಒಮ್ಮೆ ಬಾಯಿ ಬಿಡಿಸಿ ತಲೆ ನೋಡಿ ಹೇಳಿದ್ದಾರೆ. ಗುಂಗುರು ಕೂದಲಿನವರು ಎಣ್ಣೆಯ ಬಗ್ಗೆ ಸಲಹೆ ಕೇಳಲೆಂದೇ ಹುಟ್ಟಿದ್ದಾರೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ.

ತವರು ಸಿರುಗುಪ್ಪ. ಮನೆಯ ಹಿಂದೆ ಅಕ್ಕಿ ಗಿರಣಿ ಇತ್ತು. ಗಿರಣಿ ಓಡಿದ ದಿನ ಓಣಿಯ ಎಲ್ಲರ ತಲೆಯ ಮೇಲೂ ತೌಡು ಬೀಳುತ್ತಿತ್ತು, ನನ್ನ ತಲೆಯಲ್ಲಿ ಮಾತ್ರ ಸಂಸಾರ ಹೂಡುತ್ತಿತ್ತು. ಅವ್ವ ಅದನ್ನು ಒಣ ಬಾಚಣಿಕೆಯಿಂದ ಎಳೆದು ತೆಗೆಯುವಾಗ ಕೂದಲೂ ಬರುತ್ತಿತ್ತು, ನನ್ನ ಕಣ್ಣಲ್ಲಿ ನೀರೂ ಬರುತ್ತಿತ್ತು, ತೌಡು ಮಾತ್ರ ಅಲ್ಲೇ ಇರುತ್ತಿತ್ತು. ಆಮೇಲೆ ಬಳ್ಳಾರಿಯ ಕಾನ್ವೆಂಟು, ಹಾಸ್ಟೆಲ್ಲು. ಅಲ್ಲಿಯ ಸಿಸ್ಟರು ಒಳ್ಳೆಯವರು, ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಕೂದಲೂ ಮನಸ್ಸಿನ ಹಾಗೆ ಶಿಸ್ತಾಗಿರಬೇಕು ಎಂದು ಅವರ ನಂಬಿಕೆ. ನನ್ನ ಎರಡು ಜಡೆಗಳು ಬೆಳಗಿನ ಪ್ರಾರ್ಥನೆಗೆ ಶಿಸ್ತಾಗಿಯೇ ಹೋಗುತ್ತಿದ್ದವು. ಮೂರನೇ ಪಿರಿಯಡ್ಡಿನ ಹೊತ್ತಿಗೆ ರಿಬ್ಬನ್ನಿನಿಂದ ಹೊರಗೆ ಬಂದು ಸುತ್ತಮುತ್ತ ನೋಡುತ್ತಿದ್ದವು. ನನ್ನ ಮನಸ್ಸಿನ ಬಗ್ಗೆ ಸಿಸ್ಟರಿಗೆ ಕೊನೆಯವರೆಗೂ ಅನುಮಾನ ಹೋಗಲಿಲ್ಲ.

ಗಂಡಿನ ಕಡೆಯವರು ನೋಡಲು ಬಂದ ದಿನ ಅವ್ವ ನನ್ನ ಕೂದಲನ್ನು ಹಸಿಯಾಗಿಯೇ ಬಿಗಿದು ಹೆಣೆದು, ಮಲ್ಲಿಗೆ ಮುಚ್ಚಿ ಕೂರಿಸಿದಳು. ಗುಟ್ಟು ಬಯಲಾದದ್ದು ಮದುವೆಯ ನಂತರದ ಮೊದಲ ಶುಕ್ರವಾರ, ತಲೆಗೆ ಎರೆದುಕೊಂಡು ಬಳ್ಳಾರಿಯ ಗಾಂಧಿನಗರದ ಮನೆಯ ಹಿತ್ತಲಲ್ಲಿ ನಿಂತಾಗ. ಅತ್ತೆ ನೋಡಿದರು. ಏನೂ ಅನ್ನಲಿಲ್ಲ. ದೊಡ್ಡ ಮನಸ್ಸಿನವರು, ಅದನ್ನು ಇಪ್ಪತ್ತು ವರ್ಷ ಏನೂ ಅನ್ನದೆಯೇ ನೆನಪಿಸಿದರು.

ಹೀಗಿರುವ ತಲೆಯನ್ನು ನಾನು ನಮ್ಮ ಬೀದಿಯ ಬ್ಯೂಟಿ ಪಾರ್ಲರಿಗೆ ಒಪ್ಪಿಸಿದ್ದು ಮೂರು ವರ್ಷದ ಹಿಂದೆ. ಸ್ಟೇಷನರಿ ಅಂಗಡಿಯ ಮೇಲಿನ ಮಹಡಿ. ಪಾರ್ಲರಿನ ಒಡತಿಯನ್ನು ಎಲ್ಲರೂ ಮೇಡಂ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಮೇಡಂ ನನ್ನ ಕೂದಲನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಎಳೆದು, ಬಾಚಿ, ಬೆನ್ನ ನಡುವಿಗೆ ಬರುವಂತೆ ಅರ್ಧಚಂದ್ರದ ಆಕಾರದಲ್ಲಿ ಕತ್ತರಿಸಿದರು. ಕನ್ನಡಿಯಲ್ಲಿ ಬಹಳ ಅಂದವಾಗಿ ಕಂಡಿತು. ಅದು ಏಪ್ರಿಲ್ ತಿಂಗಳು. ಬಳ್ಳಾರಿಯ ಏಪ್ರಿಲ್ಲಿನಲ್ಲಿ ತಲೆ ಒಣಗಲು ಪಾರ್ಲರಿನ ಮೆಟ್ಟಿಲಿಳಿಯುವಷ್ಟು ಹೊತ್ತು ಸಾಕು. ಕೊನೆಯ ಮೆಟ್ಟಿಲಿಗೆ ಬಂದಾಗ ಕೂದಲು ಭುಜದ ಮೇಲಿತ್ತು. ಮನೆಯ ಗೇಟು ತೆಗೆಯುವಾಗ ಕಿವಿಯ ಹತ್ತಿರ ನಿಂತಿತ್ತು, ಅದೂ ಎಡಗಡೆ ಒಂದು ಎತ್ತರ, ಬಲಗಡೆ ಒಂದು ಎತ್ತರ. ಯಜಮಾನರು ಪೇಪರಿನಿಂದ ತಲೆ ಎತ್ತಿ, "ಕತ್ತರಿಸಿದವರು ಯಾರು, ಹೆದರಿಸಿದವರು ಯಾರು?" ಎಂದು ಕೇಳಿ ಮತ್ತೆ ಪೇಪರಿಗೆ ಇಳಿದರು.

ಮರುದಿನ ಹೋಗಿ, ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಮೊದಲು 'ಸಾರಿ' ಅಂದು, ಆಮೇಲೆ ವಿಷಯ ಹೇಳಿದೆ. ಮೇಡಂ ಸುತ್ತ ತಿರುಗಿ ನೋಡಿದರು. ತಪ್ಪು ಕಂಡುಹಿಡಿದರು. ಅದು ಕೂದಲಿನದೇ ಆಗಿತ್ತು.

"ನಿಮ್ಮ ಕೂದಲಾ ಮಾತು ಕೇಳಂಗಿಲ್ರಿ," ಅಂದರು, ಮಗನ ಮೇಲೆ ಶಾಲೆಯಿಂದ ದೂರು ತಂದ ಟೀಚರಿನ ಹಾಗೆ.

ಕೂದಲು ಮತ್ತೆ ಬೆಳೆಯುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಮೇಡಂ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಬ್ಯೂಟಿಷಿಯನ್ ತರಬೇತಿ ಶುರು ಮಾಡಿದ್ದರು. ಆರು ತಿಂಗಳ ಕೋರ್ಸು, ಕೊನೆಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಪಾಸಾದರೆ ಸರ್ಟಿಫಿಕೇಟು. ಕಲಿಯಲು ನಾಲ್ವರು ಹುಡುಗಿಯರು, ಕಲಿಸಲು ನಾಲ್ಕು ಪ್ಲಾಸ್ಟಿಕ್ ತಲೆ. ನಾಲ್ಕಕ್ಕೂ ರೇಷ್ಮೆ ದಾರದಂಥ ನೆಟ್ಟಗಿನ ಕೂದಲು, ನೀಲಿ ಕಣ್ಣು. ಅಂಥ ತಲೆಯ ಹೆಂಗಸರು ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ಎಷ್ಟು ಜನ ಇಳಿಯುತ್ತಾರೋ ನನಗೆ ತಿಳಿಯದು. ಒಂದು ದಿನ ಮೇಡಂ ನಮ್ಮ ಮನೆಗೇ ಬಂದು, ಸಿಲಬಸ್ಸಿನಲ್ಲಿ 'ಕಷ್ಟದ ಕೂದಲು' ಅಂತ ಒಂದು ಪಾಠ ಇದೆ, ಅದಕ್ಕೆ ಜೀವಂತ ತಲೆ ಬೇಕು, ಹೇಗೂ ನೀವು ಮನೆಯಲ್ಲಿ ಖಾಲಿ ಇರುತ್ತೀರಲ್ಲ, ಹನ್ನೊಂದರಿಂದ ಒಂದು ಗಂಟೆಯವರೆಗೆ ಬಂದು ಕೂತರೆ ಸಾಕು ಅಂದರು. ನಾನು ಕುಕ್ಕರಿನ ಮೂರನೇ ಸೀಟಿ ಎಣಿಸುತ್ತಾ, ಒಂದು ಕೈಯಲ್ಲಿ ಹುಣಸೆಹಣ್ಣು ಕಿವುಚುತ್ತಾ, ಖಾಲಿ ಇದ್ದೇನೆ ಎಂದು ಒಪ್ಪಿಕೊಂಡೆ. ಇಲ್ಲ ಅನ್ನುವುದನ್ನು ನಮಗೆ ಯಾವ ಪಿರಿಯಡ್ಡಿನಲ್ಲೂ ಕಲಿಸಿರಲಿಲ್ಲ.

ಪಾಠದ ದಿನ ಕುತ್ತಿಗೆಗೆ ಕರಿ ಬಟ್ಟೆ ಕಟ್ಟಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಮೇಡಂ ಬಾಚಣಿಕೆಯ ತುದಿಯಿಂದ ನನ್ನ ತಲೆಯ ಭಾಗಗಳನ್ನು ಭೂಪಟ ತೋರಿಸುವಂತೆ ತೋರಿಸಿದರು. ಇದು ಒರಟು, ಇದು ಹಟ, ಇದು ಎಂದೂ ಕೂರುವುದಿಲ್ಲ. ವಿಧಾನ ಸರಳ: ನೆನೆಸಬೇಕು, ಎಳೆಯಬೇಕು, ಕತ್ತರಿಸಬೇಕು, ಕೊನೆಗೆ ಇಸ್ತ್ರಿ ಹಾಕಿ ತಪ್ಪು ಮುಚ್ಚಬೇಕು. ಕೊನೆಯದನ್ನು ಅವರು ಬೇರೆ ಮಾತಿನಲ್ಲಿ ಹೇಳಿದರು. ಮೂವರು ಹುಡುಗಿಯರು ಬರೆದುಕೊಂಡರು. ನಾಲ್ಕನೆಯವಳು ಬರೆಯಲಿಲ್ಲ; ಕನ್ನಡಿಯಲ್ಲಿ ನನ್ನ ಕೂದಲನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, ಒಣಗಿದ ಮೇಲೆ ಇದು ಎಷ್ಟು ಮೇಲೆ ಏರುತ್ತದೆ ಎಂದು.

ಅದು ಸಿಲಬಸ್ಸಿನಲ್ಲಿ ಇಲ್ಲ ಅಂದರು ಮೇಡಂ.

ಈ ಹುಡುಗಿ ಸಿರುಗುಪ್ಪದ ಆಚೆ ದೇಶನೂರಿನವಳು. ಅವ್ವ ಅಲ್ಲೇ ಭತ್ತದ ಗದ್ದೆಗಳಲ್ಲಿ ನಾಟಿ, ಕಳೆ ಅಂತ ದುಡಿಯುತ್ತಾಳೆ. ಇವಳು ಕುರುಗೋಡಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕೂದಲನ್ನು ನೆತ್ತಿಯವರೆಗೆ ಎಳೆದು ಗಂಟು ಹಾಕಿ, ಮೇಲೆ ಆರೋ ಏಳೋ ಕ್ಲಿಪ್ಪು. ಆದರೆ ಕೆನ್ನೆಯ ಹತ್ತಿರ ನೀರು ಹಚ್ಚಿ ಅಂಟಿಸಿದ ಸಣ್ಣ ಕೂದಲು ಹನ್ನೊಂದೂವರೆಯ ಹೊತ್ತಿಗೆ ಒಣಗಿ, ಒಂದೊಂದೇ ಸುರುಳಿ ಸುತ್ತಿಕೊಂಡು ಏಳುತ್ತಿದ್ದವು. ನಮ್ಮ ಜಾತಿಯವಳೇ ಅಂದುಕೊಂಡೆ. ಜಾತಿ ಅಂದರೆ ಕೂದಲಿನ ಜಾತಿ.

ಮೇಡಂ ಊಟಕ್ಕೆ ಹೋದ ಮೇಲೆ ಅವಳು ಹತ್ತಿರ ಬಂದು, "ಅಕ್ಕಾರ, ಒಂದು ಸುರುಳಿ ಮುಟ್ಲೇನ್ರಿ?" ಅಂದಳು.

ಅವ್ವ, ಸಿಸ್ಟರು, ಅತ್ತೆ, ಮೇಡಂ, ಮದುವೆ ಮನೆಗಳಲ್ಲಿ ಸಿಕ್ಕ ಅಪರಿಚಿತ ಹೆಂಗಸರು, ಎಲ್ಲರೂ ನನ್ನ ತಲೆಗೆ ಕೈ ಹಾಕಿದ್ದಾರೆ. ಕೇಳಿ ಹಾಕಿದವಳು ಇವಳೊಬ್ಬಳೇ. ನಾನು ತಲೆಯನ್ನು ಅವಳ ಕಡೆಗೆ ಬಾಗಿಸಿದೆ.

ಅವಳು ಜಂಪರಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯಿಂದ ಬಿಳಿ ದಾರ ತೆಗೆದು, ಒಂದು ಸುರುಳಿಗೆ ನೀರು ಹಚ್ಚಿ, ಬುಡದಿಂದ ತುದಿಯವರೆಗೆ ದಾರ ಹಿಡಿದು ಅದಕ್ಕೊಂದು ಗಂಟು ಹಾಕಿದಳು. ಆಮೇಲೆ ಸುಮ್ಮನೆ ಕೂತಳು. ಸುರುಳಿ ಒಣಗಿ ಮೇಲೇರಿ ನಿಂತಾಗ ಅದೇ ದಾರ ಹಿಡಿದು ಇನ್ನೊಂದು ಗಂಟು ಹಾಕಿದಳು. ಎರಡು ಗಂಟಿನ ನಡುವೆ ನಾಲ್ಕು ಬೆರಳು ಅಂತರ. ಕುತ್ತಿಗೆಯ ಹತ್ತಿರದ ಸುರುಳಿಗೆ ಎರಡೇ ಬೆರಳು. ಎಡಗಿವಿಯ ಮೇಲಿನದಕ್ಕೆ ಒಂದು ಗೇಣಿಗೆ ಸ್ವಲ್ಪ ಕಡಿಮೆ.

"ಒಂದು ತಲ್ಯಾಗ ಮೂರು ಥಾನು ಅದಾವ್ರಿ ಅಕ್ಕಾರ," ಅಂದಳು.

ಅವಳು ಮೂರು ವರ್ಷ ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿದ್ದಳಂತೆ. ಅಲ್ಲಿ ಬಟ್ಟೆ ಸುತ್ತಿದ ದೊಡ್ಡ ಥಾನುಗಳು ಬರುತ್ತವೆ. ನೋಡಲು ಎಲ್ಲ ಒಂದೇ ನೀಲಿ, ಆದರೆ ಒಗೆದ ಮೇಲೆ ಪ್ರತಿ ಥಾನೂ ತನ್ನದೇ ಲೆಕ್ಕದಲ್ಲಿ ಕುಗ್ಗುತ್ತದೆ. ಅದಕ್ಕೇ ಕತ್ತರಿ ಹಾಕುವ ಮೊದಲು ಒಂದು ತುಂಡು ತೆಗೆದು, ಅಳೆದು, ಒಗೆದು, ಒಣಗಿಸಿ, ಮತ್ತೆ ಅಳೆಯುತ್ತಾರೆ. ಒಮ್ಮೆ ಅವಸರದ ಸೂಪರ್‌ವೈಸರ್ ಒಬ್ಬ ಇದೆಲ್ಲ ಯಾಕೆ ಎಂದು ನೇರವಾಗಿ ಕತ್ತರಿಸಿ ಹೊಲಿಸಿದ. ಒಗೆದು ಬಂದ ಮೇಲೆ ಗಂಡಸರ ಪ್ಯಾಂಟೆಲ್ಲ ಶಾಲೆ ಹುಡುಗರ ಚಡ್ಡಿಯಾಗಿದ್ದವಂತೆ. ಇದನ್ನು ಹೇಳುವಾಗ ಅವಳು ನಗಲಿಲ್ಲ, ನನ್ನ ಎಡಗಿವಿಯ ಮೇಲಿನ ಸುರುಳಿಯನ್ನು ನೋಡುತ್ತಿದ್ದಳು. ಒಂದೂವರೆ ವರ್ಷದ ಹಿಂದೆ ನನಗಾದದ್ದು ಏನು ಎಂದು ನನಗೆ ಅವತ್ತು ತಿಳಿಯಿತು. ನಾನು ಚಡ್ಡಿಯಾಗಿದ್ದೆ.

ಆಮೇಲೆ ನಾನು ಪಾಠ ಇಲ್ಲದ ದಿನವೂ ಹೋಗಿ ಕೂರತೊಡಗಿದೆ. ಅವಳ ವಿಷಯ ತುಣುಕು ತುಣುಕಾಗಿ ತಿಳಿಯಿತು. ಜೀನ್ಸ್ ಕಾರ್ಖಾನೆಯ ನೀಲಿ ಧೂಳು ಎದೆಗೆ ಕೂತು, ರಾತ್ರಿಯೆಲ್ಲ ಕೆಮ್ಮುತ್ತಿದ್ದಳು. ಮೂಗು ಒರೆಸಿದರೆ ಕರ್ಚೀಫೂ ನೀಲಿ. ಅದನ್ನು ಬಿಟ್ಟು ಇಲ್ಲಿ ಸೇರಿದ್ದಕ್ಕೆ ಅವ್ವ ಒಂದು ಷರತ್ತು ಹಾಕಿದ್ದಳು: ಈ ಆರು ತಿಂಗಳು, ಈ ಒಂದು ಪರೀಕ್ಷೆ, ಪಾಸಾದರೆ ಸೈ, ಇಲ್ಲದಿದ್ದರೆ ದೀಪಾವಳಿ ಆದ ಮೇಲೆ ಮತ್ತೆ ಮಿಷಿನ್ನಿಗೆ. ಪಾಸಾದರೆ ಹೋಗಲು ಜಾಗ ಸಿದ್ಧವಿತ್ತು. ಕುರುಗೋಡಿನಲ್ಲಿ ಚಿಕ್ಕಮ್ಮ ಬೀದಿಗೆ ಮುಖವಿರುವ ಮುಂದಿನ ಕೋಣೆ ಖಾಲಿ ಮಾಡಿಸಿ, ಕನ್ನಡಿ ತೂಗು ಹಾಕಿ, ಅದರ ಮೇಲೆ ಸರ್ಟಿಫಿಕೇಟಿಗೆಂದು ಮೊಳೆಯನ್ನೂ ಹೊಡೆಸಿಬಿಟ್ಟಿದ್ದಳು. ಬೆಳಿಗ್ಗೆ ತಲೆ ಬಾಚುವಾಗೆಲ್ಲ ಖಾಲಿ ಮೊಳೆ ಕಾಣುತ್ತದೆ ಎಂದು ಅವಳು ಒಂದೇ ಸಲ ಹೇಳಿದಳು.

ಪರೀಕ್ಷೆಗೆ ಪ್ರತಿಯೊಬ್ಬಳೂ ತನ್ನದೇ ಒಂದು ತಲೆ ತರಬೇಕು. ಉಳಿದ ಮೂವರು ವಾರದ ಮೊದಲೇ ಅಕ್ಕನ ಮಗಳು, ಅತ್ತಿಗೆಯ ತಂಗಿ ಅಂತ ಬೀದಿಯ ನೆಟ್ಟಗಿನ ಕೂದಲನ್ನೆಲ್ಲ ಕಾಯ್ದಿರಿಸಿಕೊಂಡರು. ಇವಳಿಗೆ ಬಳ್ಳಾರಿಯಲ್ಲಿ ಗೊತ್ತಿದ್ದ ತಲೆ ನನ್ನದೊಂದೇ. ಚಿಕ್ಕಮ್ಮನ ಹೆಣ್ಣುಮಕ್ಕಳೂ ಗುಂಗುರಿನವರೇ, ಅವರ ಶಾಲೆ ತಪ್ಪಿಸಿ ಕರೆತಂದು ಪ್ರಯೋಜನವೂ ಇರಲಿಲ್ಲ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಹಿಂದಿನ ದಿನವೇ ಇಸ್ತ್ರಿ ಹಾಕಿಸಿ ನೆಟ್ಟಗೆ ಮಾಡಿಕೊಂಡು ಬಂದುಬಿಡಿ, ಪರೀಕ್ಷಕರಿಗೇನು ತಿಳಿಯುತ್ತದೆ ಅಂದರು. ಸತ್ಯವನ್ನೇ ನುಡಿಯಬೇಕು ಎಂದು ಹತ್ತು ವರ್ಷ ಪ್ರತಿ ಸೋಮವಾರ ಹೇಳಿಸಿಕೊಂಡ ನಾನು, ಬಹಳ ಒಳ್ಳೆಯ ಉಪಾಯ ಮೇಡಂ ಅಂದೆ. ನಂತರ ಹುಡುಗಿಯನ್ನು ಕೇಳಿದೆ. ಅವಳು ಬಹಳ ಹೊತ್ತು ಕ್ಲಿಪ್ಪು ತೆಗೆದು ಹಾಕುತ್ತಾ ನಿಂತಿದ್ದಳು.

"ಬ್ಯಾಡ್ರಿ," ಅಂದಳು ಕೊನೆಗೆ. "ಕುರುಗೋಡಿನ್ಯಾಗ ನನ್ನ ಹತ್ರ ಬರಾವ್ರು ಹಿಂಗ ಬರತಾರ. ಇಸ್ತ್ರಿ ಹಾಕ್ಕೊಂಡು ಬರಂಗಿಲ್ಲ."

ಪರೀಕ್ಷಕರು ಕಾರಿನಲ್ಲಿ ಬಂದರು. ಕೈಯಲ್ಲಿ ಒಂದು ಪ್ಯಾಡು, ಅದರಲ್ಲಿ ಒಂದು ಫಾರಂ. ಫಾರಂನಲ್ಲಿ ಮೂರು ಕಲಂ: ನೇರ, ಅರ್ಧಚಂದ್ರ, ಮೆಟ್ಟಿಲು. ನನ್ನನ್ನು ಎಲ್ಲಿ ಸೇರಿಸುವುದೆಂದು ಅವರು ಸ್ವಲ್ಪ ಹೊತ್ತು ಚಿಂತಿಸಿ, ಕೊನೆಗೆ ಅರ್ಧಚಂದ್ರಕ್ಕೆ ಹಾಕಿದರು. ದೇವರು ನನ್ನನ್ನು ಸೃಷ್ಟಿಸುವಾಗ ಈ ಫಾರಂ ನೋಡಿರಲಿಲ್ಲ ಎಂದು ಕಾಣುತ್ತದೆ.

ಒಂದು ಗಂಟೆ ಸಮಯ. ಉಳಿದ ಮೂವರು ನೆನೆಸಿ, ಬಾಚಿ, ಇಪ್ಪತ್ತೈದು ನಿಮಿಷದಲ್ಲಿ ಕತ್ತರಿಸಿ ಮುಗಿಸಿ ಕೈ ಕಟ್ಟಿ ನಿಂತರು. ನನ್ನವಳು ನೀರೇ ಮುಟ್ಟಲಿಲ್ಲ. ಒಣಗಿದ ಕೂದಲನ್ನು ಬೆರಳಿನಿಂದ ಬಿಡಿಸಿ, ಒಂದೊಂದೇ ಸುರುಳಿ ಎತ್ತಿ, ಅದು ಎಲ್ಲಿ ಕೂರಬೇಕು ಎಂದು ನೋಡಿ, ತುದಿ ಕತ್ತರಿಸಿ ಬಿಡುತ್ತಿದ್ದಳು. ಗಂಟು ಹಾಕಿದ ದಾರ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಮೇಡಂ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಇಸ್ತ್ರಿ ಎಲ್ಲಿ ಎಂದು ಕೇಳುವ ನೋಟ. ನಾನು ಕನ್ನಡಿಯಲ್ಲಿ ನನ್ನ ಕಿವಿಯೋಲೆ ಪರೀಕ್ಷಿಸಿದೆ.

ಗಂಟೆ ಮುಗಿಯಿತು. ಪರೀಕ್ಷಕರು ನೀರಿನ ಸ್ಪ್ರೇ ಬಾಟಲಿ ಎತ್ತಿಕೊಂಡರು. ನೆನೆಸಿ, ಬಾಚಿ, ಅಂಚು ಸರಿಯಿದೆಯೇ ಎಂದು ನೋಡುವುದು ಕ್ರಮ. ಹುಡುಗಿ ದಾರವನ್ನು ಬಾಯಿಂದ ತೆಗೆದು, ಒಣಗಿದ್ದಾಗಲೇ ನೋಡಿರಿ ಸರ್ ಎಂದು ಮೆಲ್ಲಗೆ ಕೇಳಿಕೊಂಡಳು. ಕ್ರಮ ಅಂದರೆ ಕ್ರಮ ಅಂದರು ಅವರು. ತುಳಸಿಗಿಡಕ್ಕೆ ನೀರು ಹಾಕುವಷ್ಟು ಶ್ರದ್ಧೆಯಿಂದ ನನಗೆ ಹಾಕಿದರು, ಎಳೆದು ಬಾಚಿದರು. ಒದ್ದೆ ಕೂದಲಿನ ಅಂಚು ಕುರುಗೋಡು ರಸ್ತೆಯ ಹಾಗೆ ಏರಿಳಿಯುತ್ತಾ ಹೋಗಿತ್ತು. ಹಾಗೇ ಹೋಗಬೇಕಿತ್ತು, ಎಡಗಡೆಯದು ಹೆಚ್ಚು ಏರುವುದರಿಂದ ಅವಳು ಅಲ್ಲಿ ಉದ್ದ ಬಿಟ್ಟಿದ್ದಳು. ಪರೀಕ್ಷಕರು ಪೆನ್ನು ತೆಗೆದು ಫಾರಂ ಮೇಲೆ ಏನೋ ಎಳೆದರು. ಕನ್ನಡಿಯಲ್ಲಿ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವೆ, ಓದಲಾಗುವುದಿಲ್ಲ. ಇಂಟು ಗುರುತು ಮಾತ್ರ ಯಾವ ಕಡೆಯಿಂದ ನೋಡಿದರೂ ಇಂಟೇ.

ಹುಡುಗಿ ಅಳಲಿಲ್ಲ. ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಬೆರಳ ತುದಿ ಬೆಳ್ಳಗಾಗಿತ್ತು. ನನಗೆ ಆ ಮೊಳೆ ಕಣ್ಣಿಗೆ ಕಟ್ಟಿತು.

ನಾನು ಎದ್ದು ನಿಂತೆ. ಕುರ್ಚಿಯಲ್ಲಿ ಕೂರಿಸಿದ ಮೇಲೆ ಯಾರೂ ಏಳು ಅನ್ನದೆ ನಾನು ಎದ್ದದ್ದು ಬಹುಶಃ ಅದೇ ಮೊದಲು. ಕುತ್ತಿಗೆಯ ಕರಿ ಬಟ್ಟೆ ಹಾಗೇ ಇತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಎಕ್ಸ್‌ಕ್ಯೂಸ್ ಮಿ ಸರ್ ಎಂದು ಶುರು ಮಾಡಿದೆ, ಸಿಸ್ಟರು ಮೆಚ್ಚುತ್ತಿದ್ದರು. ಮುಂದಿನದಕ್ಕೆ ಇಂಗ್ಲಿಷು ಸಾಲಲಿಲ್ಲ.

"ಹಸಿ ತಲಿಗೆ ಮಾರ್ಕ್ಸ್ ಹಾಕಿದ್ರಿ. ನಾ ಹಸಿ ತಲಿ ಇಟ್ಕೊಂಡು ಊರಾಗ ಅಡ್ಡಾಡಂಗಿಲ್ರಿ. ಒಣಗಿಸ್ಕೊಂಡು ಬರತೀನಿ, ಆಮ್ಯಾಲ ಹಾಕ್ರಿ."

ಹೇಳಿದವಳು ನಾನೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಪಾರ್ಲರಿನ ಮೆಟ್ಟಿಲು ಹತ್ತಿ ತಾರಸಿಗೆ ಹೋದೆ. ಹಿಂದೆ ಹುಡುಗಿ ಬಂದಳು, ಅವಳ ಹಿಂದೆ ಉಳಿದ ಮೂವರು. ಪರೀಕ್ಷಕರು ಬಂದದ್ದು ನ್ಯಾಯದ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾದೀತು. ಮೇಡಂ ತರಿಸಬೇಕಿದ್ದ ಊಟ ಇನ್ನೂ ಬಂದಿರಲಿಲ್ಲ, ಕೆಳಗೆ ಕರೆಂಟೂ ಹೋಗಿತ್ತು.

ತಾರಸಿಯ ಮೇಲೆ ಮಧ್ಯಾಹ್ನದ ಬಿಸಿಲು. ಆಚೆ ಬೋಳು ಬಂಡೆಯ ಕೋಟೆ ಗುಡ್ಡ, ಬಾಚಲು ಏನೂ ಇಲ್ಲದ ಸುಖದಲ್ಲಿ ಕೂತಿತ್ತು. ಮೇಡಂ ಟವೆಲ್ ತಂದು ಒರೆಸಲು ಬಂದರು. ಹುಡುಗಿ ಅಡ್ಡ ನಿಂತು, ಮುಟ್ಟಬೇಡಿರಿ ಅಂದಳು. ಯಾರೂ ಮುಟ್ಟಲಿಲ್ಲ. ನಾನು ಕಣ್ಣು ಮುಚ್ಚಿ ನಿಂತೆ. ಕುತ್ತಿಗೆಯ ಮೇಲೆ ಕೂದಲು ಹಗುರಾಗುತ್ತಾ ಒಂದೊಂದೇ ಮೇಲೇರುವುದು ತಿಳಿಯುತ್ತಿತ್ತು, ಹಾಲು ಕಾಯುವಾಗ ಕೆನೆ ಅಂಚಿನಿಂದ ಏಳುವ ಹಾಗೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಕಲಿಯುವ ಹುಡುಗಿಯರಲ್ಲಿ ಒಬ್ಬಳು, "ಲೇ, ಸಮ ಆತು ನೋಡ," ಎಂದು ಪಕ್ಕದವಳಿಗೆ ಪಿಸುಗುಟ್ಟಿದ್ದು ಕೇಳಿಸಿತು.

ಪರೀಕ್ಷಕರು ನನ್ನನ್ನು ಪ್ರದಕ್ಷಿಣೆ ಹಾಕಿದರು. ಎರಡನೆಯ ಸುತ್ತಿನಲ್ಲಿ ನಿಂತು, ಇದು ಹೇಗೆ ಎಂದು ಕೇಳಿದರು. ಹುಡುಗಿ ನೋಟ್‌ಬುಕ್ ತೆರೆದು ತೋರಿಸಿದಳು. ನನ್ನ ತಲೆಯ ಚಿತ್ರ, ಮೇಲೆ ಮೂರು ಗೆರೆ, ಒಂದನೇ ಥಾನು, ಎರಡನೇ ಥಾನು, ಮೂರನೇ ಥಾನು, ಪ್ರತಿಯೊಂದಕ್ಕೂ ಹಸಿ ಇಷ್ಟು, ಒಣಗಿದರೆ ಇಷ್ಟು. ಅವರು ಬಹಳ ಹೊತ್ತು ಓದಿದರು. ಪೆನ್ನಿನಲ್ಲಿ ಹಾಕಿದ ಇಂಟನ್ನು ಅಳಿಸಲು ಬರುವುದಿಲ್ಲ. ಅದಕ್ಕೆ ಅದರ ಮೇಲೆಯೇ ಒಂದು ರೈಟು ಎಳೆದರು. ಎರಡೂ ಸೇರಿ ಚಪ್ಪಲಿಗೆ ಸಿಕ್ಕ ಜೇಡದ ಹಾಗೆ ಕಂಡಿತು. ಪಕ್ಕದಲ್ಲಿ ಸಹಿ ಹಾಕಿ, ಸಮಯ ಬಹಳ ಹಿಡಿಯಿತು ಎಂದು ಷರಾ ಬರೆದರು. ಪಾಸು. ನಾಲ್ವರಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕ ಅವಳಿಗೇ. ಅವಳು ಫಾರಂ ನೋಡಲೇ ಇಲ್ಲ. ತಾರಸಿಯ ಕಟ್ಟೆ ಹಿಡಿದು ಕೂತು, ಚಿಕ್ಕಮ್ಮನಿಗೆ ಫೋನು ಹಚ್ಚಿ, ಆ ಮೊಳೆ ಗಟ್ಟಿ ಐತೇನು ನೋಡು ಅಂದಳು.

ಈಗ ನಾನು ಎರಡು ತಿಂಗಳಿಗೊಮ್ಮೆ ಕುರುಗೋಡಿನ ಬಸ್ಸು ಹತ್ತುತ್ತೇನೆ. ಜನ ಹಳ್ಳಿಯಿಂದ ಬಳ್ಳಾರಿಗೆ ಬರುತ್ತಾರೆ, ನೀನೊಬ್ಬಳು ಬಳ್ಳಾರಿಯಿಂದ ಕ್ಷೌರಕ್ಕೆ ಕುರುಗೋಡಿಗೆ ಹೋಗುತ್ತೀ ಎಂದು ಯಜಮಾನರು ಇನ್ನೂ ಅನ್ನುತ್ತಾರೆ. ಮೇಡಂ ಅಂತೂ ಗುಂಗುರು ಕೂದಲಿಗೆ ವಿಶೇಷ ತರಬೇತಿ ಎಂದು ಬೋರ್ಡು ಬರೆಸಿದ್ದಾರೆ. ಅದರಲ್ಲಿ ಹಿಂದಿನಿಂದ ತೆಗೆದ ನನ್ನ ತಲೆಯ ಫೋಟೋ ಇದೆ. ಮೊದಲು ಪ್ರಾಬ್ಲಂ ಆಗಿದ್ದೆ, ಈಗ ಜಾಹೀರಾತಾಗಿದ್ದೇನೆ. ಎರಡಕ್ಕೂ ನನ್ನನ್ನು ಕೇಳಿರಲಿಲ್ಲ.

ಕಳೆದ ತಿಂಗಳು ಹೊಸ ತಂಡಕ್ಕೆ ಒಂದು ದಿನ ಪಾಠ ಹೇಳಲು ಮೇಡಂ ಅವಳನ್ನೇ ಕರೆಸಿದರು. ನಾನೇ ತಯಾರು ಮಾಡಿದ ಹುಡುಗಿ ಎಂದು ಪರಿಚಯಿಸಿದರು. ಅವಳು ಇಲ್ಲ ಅನ್ನಲಿಲ್ಲ, ನಕ್ಕಳು. ತಲೆಯಲ್ಲಿ ಒಂದೂ ಕ್ಲಿಪ್ಪಿರಲಿಲ್ಲ. ಕೂದಲು ಭುಜದವರೆಗೆ ಬಿಟ್ಟಿತ್ತು; ಹಿಂಭಾಗವನ್ನು ಚಿಕ್ಕಮ್ಮನ ಮಗಳು ದಾರ ಹಿಡಿದು ಕತ್ತರಿಸಿದ್ದಂತೆ, ಒಂದು ಕಡೆ ಚೂರು ಸೊಟ್ಟ.

ಅವಳು ನೀಲಿ ಕಣ್ಣಿನ ಪ್ಲಾಸ್ಟಿಕ್ ತಲೆಗಳನ್ನು ತೆಗೆದು ಕಿಟಕಿಯ ಮೇಲಿಟ್ಟಳು, ರಸ್ತೆ ನೋಡಲಿ ಅಂತ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಹೊಸ ಹುಡುಗಿಯರು ಆಗಲೇ ಕತ್ತರಿ ಹಿಡಿದು ಮುಂದೆ ಬಂದಿದ್ದರು.

"ಕತ್ತರಿ ಕೆಳಗಿಡ್ರಿ," ಅಂದಳು. "ಮೊದಲ ಅಕ್ಕಾರನ್ನ ಕೇಳ್ರಿ, ಮುಟ್ಟಲೇನು ಅಂತ."

ಒಬ್ಬೊಬ್ಬಳೇ ಬಂದು, ನಾಚಿಕೊಂಡು, ಕೇಳಿದಳು. ನಾನು ಒಬ್ಬೊಬ್ಬಳಿಗೂ ಹೂಂ ಅಂದೆ. ನೀರು ಹಾಕಿದರು, ದಾರ ಹಿಡಿದು ಅಳೆದರು, ಗಂಟು ಹಾಕಿದರು. ಆಮೇಲೆ ಎಲ್ಲರೂ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತರು. ಏನೂ ಮಾಡದೆ ಸುಮ್ಮನೆ ಕೂರುವ ಇದೆಂಥ ಪಾಠ ಎಂದು ಮೇಡಂ ಬಾಗಿಲಲ್ಲಿ ಎರಡು ಸಲ ಇಣುಕಿ ಹೋದರು.